ಬೋಳು ಬೆಟ್ಟದ ಹೊಟ್ಟೆಯಲ್ಲಿ ನೀರು

ಮಸ್ಕತ್‌ನಲ್ಲಿ ಇಳಿದು ಅಕ್ಕನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಕಪ್ಪು, ಕಂದು ಬಂಡೆ. ಮರ ಬಿಡಿ, ಒಂದು ಹುಲ್ಲುಕಡ್ಡಿಯೂ ಕಾಣಲಿಲ್ಲ. ಬಂಟ್ವಾಳದ ಕಡೆಯವಳಾದ ನನಗೆ ಅದನ್ನು ಬೆಟ್ಟ ಅನ್ನಲೇ ಮನಸ್ಸಾಗಲಿಲ್ಲ. "ಎರಡು ದಿನ ನಿಲ್ಲು, ಮೇಲೆ ಕರ್ಕೊಂಡು ಹೋಗ್ತೇನೆ" ಅಂದರು ಭಾವ.

ಇದು ಹಜರ್ ಪರ್ವತ. ಅರಬ್ಬಿಯಲ್ಲಿ ಹಜರ್ ಅಂದರೆ ಕಲ್ಲು. ಉತ್ತರದಲ್ಲಿ ಹಾರ್ಮುಜ್ ಜಲಸಂಧಿಗೆ ಚಾಚಿದ ಮುಸಂದಮ್‌ನಿಂದ ಶುರುವಾಗಿ, ಎಮಿರೇಟ್ಸ್‌ನ ಪೂರ್ವದ ಅಂಚು ಹಾದು, ಒಮಾನ್‌ನ ಸೂರ್ ಹತ್ತಿರದ ತನಕ ಸುಮಾರು 700 ಕಿ.ಮೀ. ಹಬ್ಬಿದೆ. ಈಚೆ ಕಡಲು, ಆಚೆ ಮರಳುಗಾಡು. ಎಲ್ಲಕ್ಕಿಂತ ಎತ್ತರದ ಜೆಬೆಲ್ ಶಮ್ಸ್ ಸುಮಾರು 3,000 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರ್ ಜಾಸ್ತಿ!

ನಾನು ಮೂಗು ಮುರಿದ ಆ ಕಪ್ಪು ಕಲ್ಲು ಅಸಲಿಗೆ ಕಡಲ ತಳದ್ದು. ಸುಮಾರು 9.5 ಕೋಟಿ ವರ್ಷದ ಹಿಂದೆ ಸಾಗರದಡಿ ಹುಟ್ಟಿದ್ದು. ಭೂಖಂಡಕ್ಕೆ ಎದುರಾದಾಗ ಸಾಗರದ ತಳ ಸಾಮಾನ್ಯವಾಗಿ ಅದರ ಅಡಿಗೆ ನುಗ್ಗಿ ಮುಳುಗುತ್ತದೆ. ಇಲ್ಲಿ ಅದು ಅರೇಬಿಯಾದ ಅಂಚಿನ ಮೇಲೆ ಹತ್ತಿ ಕೂತುಬಿಟ್ಟಿತು, ತನ್ನ ಕೆಳಗಿದ್ದ ಮ್ಯಾಂಟಲ್ ಅನ್ನೋ ಭೂಮಿಯ ಒಳಪದರವನ್ನೂ ಹೊತ್ತುಕೊಂಡು. ಭೂಮಿಯ ಒಳಗಡೆಯ ಕಲ್ಲನ್ನು ಕೈಯಲ್ಲಿ ಮುಟ್ಟಿ ನೋಡಬಹುದು, ಅದೂ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ. ಗಿಡಮರ, ಮಣ್ಣು ಏನೂ ಮುಚ್ಚಿಲ್ಲದ ಕಾರಣ ಭೂವಿಜ್ಞಾನಿಗಳು ಎಲ್ಲೆಲ್ಲಿಂದಲೋ ಇಲ್ಲಿಗೆ ಬರುತ್ತಾರೆ. ಆ ಕಲ್ಲಿನಲ್ಲಿ ಅಲ್ಲಲ್ಲಿ ಬಿಳಿ ಗೆರೆ ಇದೆ. ಕಲ್ಲು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದನ್ನೇ ಹೊಸ ಕಲ್ಲು ಮಾಡಿದ ಗುರುತು ಅದು.

ಮೂರನೇ ದಿನ ಜೆಬೆಲ್ ಅಖ್ದರ್ ಹತ್ತಿದೆವು. ಹೆಸರಿನ ಅರ್ಥ ಹಸಿರು ಬೆಟ್ಟ. ಫೋರ್ ವೀಲ್ ಡ್ರೈವ್ ಅಲ್ಲದ ಗಾಡಿಯನ್ನು ಚೆಕ್‌ಪೋಸ್ಟ್‌ನಲ್ಲೇ ವಾಪಸ್ ಕಳಿಸುತ್ತಾರೆ. ಸುಮಾರು 2,000 ಮೀಟರ್ ಎತ್ತರದ ಸೈಕ್ ಅನ್ನೋ ಊರಲ್ಲಿ ಕಾರಿನ ಬಾಗಿಲು ತೆಗೆದರೆ ತಂಗಾಳಿ. ಕಣಿವೆಯ ಗೋಡೆಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ದಾಳಿಂಬೆ, ಗುಲಾಬಿ. ಏಪ್ರಿಲ್‌ನಲ್ಲಿ ಹೂ ಕೊಯ್ದು ಪನ್ನೀರು ಇಳಿಸುತ್ತಾರೆ.

ಮಸ್ಕತ್‌ಗೆ ವರ್ಷಕ್ಕೆ ಬೀಳುವ ಮಳೆ 100 ಮಿ.ಮೀ. ಸುತ್ತಮುತ್ತ. ನಮ್ಮೂರಲ್ಲಿ ಜುಲೈನ ಒಂದು ದಿನಕ್ಕೇ ಅಷ್ಟು ಸುರಿಯುತ್ತದೆ. ಆದರೆ ಬೆಟ್ಟ ಮೋಡವನ್ನು ತಡೆಯುವುದರಿಂದ ಮೇಲೆ ಮಳೆ ಹೆಚ್ಚು. ಆ ನೀರಿನಲ್ಲಿ ಒಂದಷ್ಟು, ಒಣಗಿದ ಹಳ್ಳಗಳಲ್ಲಿ, ಇಲ್ಲಿನವರು ವಾದಿ ಅನ್ನುತ್ತಾರೆ, ದಿಢೀರನೆ ನುಗ್ಗಿ ಹರಿಯುತ್ತದೆ. ಇನ್ನೊಂದಷ್ಟು ಸುಣ್ಣಕಲ್ಲಿನ ಬಿರುಕಿನಲ್ಲಿ ಇಂಗಿ ಹೊಟ್ಟೆ ಸೇರುತ್ತದೆ. ಅದನ್ನು ಊರಿಗೆ ತರುವ ಕಾಲುವೆಯೇ ಫಲಜ್. ದೂರದಲ್ಲೊಂದು ತಾಯಿ ಬಾವಿ, ಅಲ್ಲಿಂದ ಸುರಂಗ, ಸ್ವಲ್ಪ ಸ್ವಲ್ಪವೇ ಇಳಿಜಾರು. ಪಂಪಿಲ್ಲ, ಕರೆಂಟಿಲ್ಲ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅಂತ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕುತ್ತಿದ್ದರು. ಇಂಥ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ.

ನಮ್ಮೂರ ಕಡೆಯ ಮಾಣಿಲ, ಬಾಯಾರಿನವರಿಗೆ ಇದು ಹೊಸದಲ್ಲ ಅಲ್ವಾ? ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ಅಡಿಕೆ ತೋಟಕ್ಕೆ ನೀರು ತಂದವರು ನಮ್ಮಲ್ಲೂ ಇದ್ದಾರೆ. ಭಾವನಿಗೆ ಆ ವಿಷಯ ಗೊತ್ತಿರಲಿಲ್ಲ. ಬಿರ್ಕತ್ ಅಲ್ ಮೌಜ್‌ನಲ್ಲಿ ಖರ್ಜೂರದ ತೋಟದ ನಡುವೆ ಫಲಜ್‌ಗೆ ಕಾಲು ಇಳಿಬಿಟ್ಟು ಕೂತು ಹೇಳಿದೆ, ಕತ್ತಲಾಗುವ ತನಕ.