ಕೆಳಗೆ ಬೀಟೆ ಇಲ್ಲ, ಬಣ್ಣ ಕೆರೆಯಬೇಡಿ

ಬೆಂಗಳೂರಿನ ದಂಡಿನ (ಕಂಟೋನ್ಮೆಂಟ್) ಕಡೆ ಹಳೆ ಬಂಗಲೆಯೊಂದನ್ನು ಕೆಡವಿದಾಗಲೆಲ್ಲ ಒಳಗಿನ ಸಾಮಾನು ಬೀದಿಗೆ ಬರುತ್ತದೆ. ತೇಗದ ಮಂಚಕ್ಕೆ, ಬೀಟೆಯ ಬೀರುವಿಗೆ ಶಿವಾಜಿನಗರದಲ್ಲಿ ಕೂಡಲೇ ಗಿರಾಕಿ ಸಿಗುತ್ತಾರೆ. ಪಾಡು ಕೆಡುವುದು ಬಣ್ಣದ ಡ್ರಾಯರ್ ಪೆಟ್ಟಿಗೆಗಳದ್ದು. ಕಪ್ಪು, ಕಡು ಹಸಿರು ಇಲ್ಲವೇ ಕುಂಕುಮಗೆಂಪು ಮೈ. ಅದರ ಮೇಲೆ ಚಿನ್ನದ ಗೆರೆಯಲ್ಲಿ ಕಮಾನು ಸೇತುವೆ, ತಿರುವಿದ ಸೂರಿನ ಮಂಟಪ, ಕೊಡೆ ಹಿಡಿದ ಮನುಷ್ಯ, ಕೊಕ್ಕರೆ. ನೋಡಿದವರೆಲ್ಲ ‘ಚೈನೀಸ್ ಡ್ರಾಯರ್’ ಅನ್ನುತ್ತಾರೆ. ಆದರೆ ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಚೀನಾ ಕಂಡವಲ್ಲ. ಚೀನಾ, ಜಪಾನಿನ ಮೆರುಗೆಣ್ಣೆ ಕೆಲಸಕ್ಕೆ ಮನಸೋತ ಯುರೋಪಿನವರು ತಮ್ಮ ಊರಿನಲ್ಲೇ ಕೂತು ಮಾಡಿದವು, ಅಥವಾ ಆಮೇಲೆ ಯಾರೋ ಅವುಗಳನ್ನು ನೋಡಿಕೊಂಡು ಮಾಡಿದವು.

ಮೈಸೂರು ಶೈಲಿಯ ಚಿತ್ರ ಬರೆಯುವುದು ನನ್ನ ಕಸುಬು. ಮಲ್ಲೇಶ್ವರದ ನಮ್ಮ ಮನೆಯ ಮಹಡಿಯಲ್ಲಿ ಹಳೆ ಸಾಮಾನಿನ ಮೇಲಿನ ಚಿತ್ರ ಉಳಿಸಿಕೊಡುವ ಕೆಲಸವನ್ನೂ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ಕಾಕ್ಸ್ ಟೌನಿನ ಒಂದು ಮನೆಯವರು ಕರೆದರು. ಅತ್ತೆಯವರ ಕಾಲದ ನಾಲ್ಕು ಡ್ರಾಯರಿನ ಪೆಟ್ಟಿಗೆ, ಕಡು ಹಸಿರು. ಎಡ ಮೂಲೆಯಲ್ಲಿ ಬಣ್ಣ ಹಕ್ಕಳೆ ಎದ್ದಿತ್ತು, ಮೇಲ್ಗಡೆ ಬಿಸಿ ಲೋಟ ಇಟ್ಟಿದ್ದಕ್ಕೆ ಬಿಳಿ ಉಂಗುರಗಳು. ಪಾಲಿಶ್ ಮೇಸ್ತ್ರಿ ಆಗಲೇ ನೋಡಿ ಹೋಗಿದ್ದರು. “ಪೇಂಟ್ ರಿಮೂವರ್ ಹಾಕಿ ಕೆರೆದುಬಿಟ್ರೆ ಒಳಗೆ ಬೀಟೆ ಇರುತ್ತೆ ಮೇಡಂ, ಸ್ಪಿರಿಟ್ ಪಾಲಿಶ್ ಹೊಡೆದ್ರೆ ಮಿಂಚುತ್ತೆ” ಅಂದರಂತೆ. ಆ ಮಾತಿನಲ್ಲಿ ಮೋಸವೇನೂ ಇರಲಿಲ್ಲ. ಎಷ್ಟೋ ಬೀಟೆಯ, ತೇಗದ ಸಾಮಾನಿಗೆ ಯಾವ ಕಾಲದಲ್ಲೋ ಯಾರೋ ಎನಾಮಲ್ ಪೇಂಟ್ ಬಳಿದಿರುತ್ತಾರೆ, ಕೆರೆದರೆ ನಿಜಕ್ಕೂ ಒಳ್ಳೆ ಮರ ಸಿಗುತ್ತದೆ. ಈ ಪೆಟ್ಟಿಗೆಗಳ ಲೆಕ್ಕವೇ ಬೇರೆ.

ಕೆಳಗಿನ ಡ್ರಾಯರನ್ನು ಪೂರ್ತಿ ಎಳೆದು ಮಗುಚಿ ತೋರಿಸಿದೆ. ಹಗುರವಾದ, ಗಂಟುಗಂಟಾದ ಪೈನ್ ಮರ. ಮೇಲೆ ಬಣ್ಣದ ಪದರಗಳು ಕೂರುವುದಿದೆ ಎಂದು ಗೊತ್ತಿದ್ದೇ ಬಡಗಿ ಸಾದಾ ಮರ ಆರಿಸಿದ್ದಾನೆ. ಇಂಥ ಕೆಲಸದಲ್ಲಿ ದುಡ್ಡು, ಕಾಲ, ಕೈಚಳಕ ಎಲ್ಲ ಸುರಿದಿರುವುದು ಕಾಗದದಷ್ಟು ತೆಳುವಾದ ಹೊರಮೈಗೆ. ಅದನ್ನು ಕೆರೆದರೆ ಉಳಿಯುವುದು ಒಂದು ಪ್ಯಾಕಿಂಗ್ ಪೆಟ್ಟಿಗೆ.

ಆ ಹೊರಮೈ ಯಾತರದ್ದು ಅನ್ನುವುದು ನನಗೆ ಬಹಳ ಹತ್ತಿರದ ವಿಷಯ. ಚೀನಾ, ಜಪಾನಿನಲ್ಲಿ ಬಳಸುವುದು ಒಂದು ಮರದ ರಸ. ಜಪಾನಿನಲ್ಲಿ ಅದನ್ನು ಉರುಶಿ ಅನ್ನುತ್ತಾರೆ. ನಮ್ಮ ಗೋಡಂಬಿ, ಕರಿಗೇರಿನ ಕುಟುಂಬಕ್ಕೇ ಸೇರಿದ ಮರ. ಗೇರುಬೀಜದ ಸಿಪ್ಪೆಯ ಎಣ್ಣೆ ತಗುಲಿ ಕೈ ಬೆಂದವರಿಗೆ ಉರುಶಿ ಕೆಲಸಗಾರರ ಚರ್ಮ ಯಾಕೆ ಊದುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆ ರಸ ಗಟ್ಟಿಯಾಗಬೇಕಾದರೆ ಬಿಸಿಲಲ್ಲ, ತೇವ ಬೇಕು. ಬಳಿದ ವಸ್ತುವನ್ನು ಒದ್ದೆ ಗಾಳಿಯ ಕಪಾಟಿನಲ್ಲಿ ಇಡುತ್ತಾರೆ. ಒಮ್ಮೆ ಗಟ್ಟಿಯಾಯಿತೆಂದರೆ ಸ್ಪಿರಿಟ್ಟಿಗೂ ಕರಗುವುದಿಲ್ಲ. ಹಡಗಿನಲ್ಲಿ ಸಾಗಿಸುವಾಗ ಕೆಡುವ ಈ ರಸ ಯುರೋಪಿಗೆ ಸಿಗಲಿಲ್ಲ. ಅವರು ಕೈಹಾಕಿದ್ದು ನಮ್ಮ ಅರಗಿಗೆ.

1688ರಲ್ಲಿ ಸ್ಟಾಕರ್ ಮತ್ತು ಪಾರ್ಕರ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ಈ ಕೆಲಸ ಕಲಿಸುವ ಒಂದು ದೊಡ್ಡ ಕೈಪಿಡಿ ಅಚ್ಚು ಹಾಕಿಸಿದರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದು, ಸೋಸುವುದು, ಪದರದ ಮೇಲೆ ಪದರ ಹಚ್ಚಿ ಒಣಗಿಸುವುದು, ಕೊನೆಗೆ ಉಜ್ಜಿ ಹೊಳಪು ತರುವುದು ಎಲ್ಲ ಅದರಲ್ಲಿದೆ. ಆ ಅರಗು ಹೋಗುತ್ತಿದ್ದುದು ಮುತ್ತುಗ, ಬೋರೆ, ಕುಸುಮದ ಕೊಂಬೆಗೆ ಹುಳು ಕಟ್ಟಿದ ಅಂಟನ್ನು ಕೆರೆದು ತೆಗೆಯುವ ನಮ್ಮ ದೇಶದ ಕಾಡುಗಳಿಂದ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಬೊಂಬೆಯ ಮೈಗೆ ಬರುವ ಹೊಳಪೂ ಇದೇ ಅರಗಿನದು. ದಂಡಿನ ಬಂಗಲೆಗಳಿಗೆ ವಿಲಾಯಿತಿಯಿಂದ ಬಂದ ಪೆಟ್ಟಿಗೆಗಳ ಮೈಮೇಲೆ ನಮ್ಮ ಅರಗು ಮರಳಿ ಬಂದಿದೆ ಎಂದು ಹೊಳೆದಾಗ ನನಗೆ ಇವುಗಳ ಮೇಲೆ ಒಂದು ಹಕ್ಕೇ ಹುಟ್ಟಿತು.

ಇನ್ನು ಉಬ್ಬು ಕೆಲಸ. ಬಂಡೆ, ಮರದ ಬೊಡ್ಡೆ, ಮನುಷ್ಯರ ಬಟ್ಟೆ ಇವನ್ನು ಮೈಮಟ್ಟದಿಂದ ಸ್ವಲ್ಪ ಎತ್ತರಿಸಿ ಆಮೇಲೆ ಚಿನ್ನ ಕೂರಿಸಿರುತ್ತಾರೆ. ಸೀಮೆಸುಣ್ಣದಂಥ ಪುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿ, ಕಡ್ಡಿಯ ತುದಿಯಿಂದ ಹನಿ ಹನಿಯಾಗಿ ಇಳಿಸಿ, ಒಣಗಿದ ಮೇಲೆ ಕೊರೆದು ತಿದ್ದುವುದು. ಇದನ್ನು ಓದಿದಾಗ ನನ್ನ ಬೆರಳುಗಳಿಗೇ ಗುರುತು ಹತ್ತಿತು. ಮೈಸೂರು ಚಿತ್ರದಲ್ಲಿ ದೇವಿಯ ಒಡವೆಗೆ, ಪ್ರಭಾವಳಿಗೆ ನಾವು ಸಫೇದಾ ಮತ್ತು ಗೋಂದು ಅರೆದು ಗೆಸ್ಸೊ ಎಂಬ ಉಬ್ಬು ಲೇಪ ಎತ್ತಿ, ಚಿನ್ನದ ರೇಕು ಅಂಟಿಸುವುದೂ ಇದೇ ಜಾಡಿನ ಕೆಲಸ. ಬಣ್ಣಗಳಲ್ಲೂ ನೆಂಟಸ್ತಿಕೆ ಇದೆ: ಇಂಗಳೀಕ, ಹರಿದಳ, ಸೀಸದ ಬಿಳಿ. ಇವುಗಳಲ್ಲಿರುವುದು ಕ್ರಮವಾಗಿ ಪಾದರಸ, ಆರ್ಸೆನಿಕ್, ಸೀಸ; ಮೂರೂ ವಿಷ. ಹಳೆ ಬಣ್ಣದ ಪೆಟ್ಟಿಗೆಗೆ ಉಜ್ಜುಕಾಗದ ಹಚ್ಚಬೇಡಿ ಎಂದು ನಾನು ಗಟ್ಟಿಯಾಗಿ ಹೇಳಲು ಇದೂ ಒಂದು ಕಾರಣ. ಮಕ್ಕಳಿರುವ ಮನೆಯಲ್ಲಂತೂ ಆ ಧೂಳು ಏಳಲೇಬಾರದು.

ಚಿತ್ರಗಳಲ್ಲಿ ಹಕ್ಕಿ ಮನೆಗಿಂತ ದೊಡ್ಡದಿರುತ್ತದೆ, ಸೇತುವೆ ಎಲ್ಲಿಂದಲೂ ಎಲ್ಲಿಗೂ ಹೋಗುವುದಿಲ್ಲ. ಕೆಲವರು ಇದನ್ನು ಕಂಡು ನಗುತ್ತಾರೆ. ನನಗೆ ಅದರಲ್ಲಿ ಕಾಣುವುದು ಕಾಣದ ದೇಶವನ್ನು ಊಹಿಸಿಕೊಂಡ ಕೈಯ ಸಂತೋಷ. ತಟ್ಟೆ, ಪರದೆ, ಪುಟ್ಟ ಡಬ್ಬಿಗಳ ಮೇಲಿನ ಚಿತ್ರ ನೋಡಿಯೇ ಅವರು ಆ ಲೋಕ ಕಟ್ಟಿದ್ದು. ಸ್ಟಾಕರ್ ಮತ್ತು ಪಾರ್ಕರ್ ಮಾತ್ರ ಮೂಲದ ಅಳತೆಗಳನ್ನು ತಾವು ಒಂದಿಷ್ಟು ತಿದ್ದಿದ್ದೇವೆ ಎಂದು ಬರೆದುಕೊಂಡಿದ್ದಾರೆ.

ಆ ಕಾಲದ ಒಂದು ಅಭ್ಯಾಸವನ್ನು ಮಾತ್ರ ನನ್ನಿಂದ ಕ್ಷಮಿಸಲಾಗುವುದಿಲ್ಲ. ಚೀನಾದ ಕೆತ್ತನೆಯ ದೊಡ್ಡ ಪರದೆಗಳು ನಮ್ಮ ಚೋಳಮಂಡಲ ತೀರದ ಬಂದರುಗಳ ದಾರಿಯಲ್ಲಿ ಯುರೋಪಿಗೆ ಹೋಗುತ್ತಿದ್ದವು. ಅದಕ್ಕೇ ಇವತ್ತಿಗೂ ಅವಕ್ಕೆ ಕೊರೊಮ್ಯಾಂಡೆಲ್ ಎಂದು ಹೆಸರು. ಯುರೋಪಿನಲ್ಲಿ ಅವನ್ನು ಗರಗಸದಿಂದ ಕೊಯ್ದು ಪೆಟ್ಟಿಗೆಗಳಿಗೆ ಹೊದಿಸಿದರು. ಅರ್ಧ ಕುದುರೆ ಒಂದು ಕಡೆ, ಸವಾರ ಇನ್ನೊಂದು ಕಡೆ, ಮರ ತಲೆಕೆಳಗು. 1688ರ ಆ ಪುಸ್ತಕದವರೂ ಇದನ್ನು ಕಂಡು ರೇಗಿದ್ದಾರೆ. ಪ್ಯಾರಿಸ್ಸಿನಲ್ಲಿ ಇದೇ ಕೆಲಸ ಅತಿ ನಾಜೂಕಾಗಿ ನಡೆಯಿತು. ಬರ್ನಾರ್ ವಾನ್ ರಿಸನ್‌ಬರ್ಗ್ ಎಂಬ ಕುಶಲಿ ಜಪಾನಿನ ಮೆರುಗೆಣ್ಣೆ ಹಲಗೆಗಳನ್ನು ಹಿಂದಿನಿಂದ ತೆಳುವಾಗಿಸಿ, ಉಬ್ಬಿದ ಡ್ರಾಯರಿನ ಮೈಗೆ ಬಾಗಿಸಿ ಅಂಟಿಸಿದ. ಅಂಥದೊಂದು ಪೆಟ್ಟಿಗೆ 1737ರಲ್ಲಿ ಫ್ರಾನ್ಸಿನ ರಾಣಿಗಾಗಿ ಫಾಂಟೆನ್‌ಬ್ಲೋ ಅರಮನೆಗೆ ಹೋಯಿತು. ಚೆಲುವಿಗೇನೂ ಕೊರತೆ ಇಲ್ಲ, ನಿಜ. ಆದರೂ ಕೊಯ್ದ ಮೂಲ ವಸ್ತುವಿನ ನೆನಪು ನನ್ನನ್ನು ಬಿಡುವುದಿಲ್ಲ. ಅದಕ್ಕಿಂತ ವೆನಿಸ್ಸಿನ ಬಡವರ ಉಪಾಯ ನನಗೆ ಪ್ರಿಯ: ಅಚ್ಚು ಹಾಕಿದ ಚಿತ್ರಗಳನ್ನು ಕತ್ತರಿಸಿ, ಬಣ್ಣ ತುಂಬಿ, ಪೆಟ್ಟಿಗೆಗೆ ಅಂಟಿಸಿ, ಮೇಲೆ ವಾರ್ನಿಶ್ ಹೊಡೆಯುವುದು.

ಕಾಕ್ಸ್ ಟೌನಿನ ಪೆಟ್ಟಿಗೆ ಅಷ್ಟು ಹಳೆಯದಲ್ಲ. ಡ್ರಾಯರಿನ ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಡವ್‌ಟೈಲ್ ಹಲ್ಲುಗಳು ಒಂದೇ ಅಳತೆ, ಒಂದೇ ಅಂತರ, ಯಂತ್ರದ ಕೆಲಸ. ಕೈಯಲ್ಲಿ ಕೊಯ್ದಿದ್ದರೆ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಇರುತ್ತಿತ್ತು. ಕೆಲವು ಗೆರೆಗಳಲ್ಲಿ ‘ಚಿನ್ನ’ ಕಂದಿ ಕಂದು ಬಣ್ಣಕ್ಕೆ ತಿರುಗಿತ್ತು. ರೇಕು ಹಾಗಾಗುವುದಿಲ್ಲ, ಹಿತ್ತಾಳೆಯ ಪುಡಿ ಆಗುತ್ತದೆ. ಈ ಶೈಲಿ ಮತ್ತೆ ಮೆರೆದ 1920ರ ಆಸುಪಾಸಿನದು ಎಂದು ನನ್ನ ಅಂದಾಜು. ಎಸ್.ಪಿ. ರೋಡಿನಲ್ಲಿ ನೋಟು ಪರೀಕ್ಷೆಗೆಂದು ಮಾರುವ ನೇರಳೆ ಟಾರ್ಚ್ ತಂದಿಟ್ಟುಕೊಂಡಿದ್ದೇನೆ; ಕತ್ತಲಲ್ಲಿ ಬಿಟ್ಟರೆ ಅರಗಿನ ವಾರ್ನಿಶ್ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಇಡೀ ಮೈ ಬೆಳಗಿತು, ಬಲ ಪಕ್ಕದ ಒಂದು ತೇಪೆ ಬಿಟ್ಟು. ಅಲ್ಲಿ ಯಾರೋ ಆಮೇಲೆ ಬಣ್ಣ ಬಳಿದಿದ್ದರು.

ಬೀಗದ ಕಣ್ಣಿನ ಹಿತ್ತಾಳೆ ತಗಡು ಬಿಚ್ಚಿದಾಗ ಮನೆಯವರೆಲ್ಲ ಬಗ್ಗಿ ನೋಡಿದರು. ಕೆಳಗೆ ನೀಲಿ! ತಗಡು ಕೂರಿಸಿದ ಮೇಲೆ ವಾರ್ನಿಶ್ ಹೊಡೆದಿದ್ದಾರೆ. ತಗಡಿನಡಿಯ ಬಣ್ಣ ಹಾಗೇ ಉಳಿದಿದೆ, ಹೊರಗೆ ವಾರ್ನಿಶ್ ಹಳದಿಗಟ್ಟಿ ನೀಲಿಯನ್ನು ಹಸಿರು ಮಾಡಿದೆ.

“ಹಾಗಾದ್ರೆ ವಾರ್ನಿಶ್ ತೆಗೆದು ನೀಲಿ ಮಾಡಿಕೊಡಿ ಅಕ್ಕ” ಅಂದರು ಮನೆಯಾಕೆ.

ಆಗುವುದಿಲ್ಲ ಎಂದೆ. ಅರಗನ್ನು ಕರಗಿಸುವ ಸ್ಪಿರಿಟ್ ಗೆರೆಗಳನ್ನೂ ಬಿಡುವುದಿಲ್ಲ, ಸೇತುವೆ, ಕೊಕ್ಕರೆ ಎಲ್ಲ ಹತ್ತಿಯಲ್ಲಿ ಬಂದುಬಿಡುತ್ತವೆ. ಬಿಳಿ ಉಂಗುರಗಳನ್ನೂ ಇದೇ ಕಾರಣಕ್ಕೆ ಮುಟ್ಟಲಿಲ್ಲ. ಎದ್ದ ಹಕ್ಕಳೆಗಳ ಕೆಳಗೆ ತೆಳುವಾದ ಸರೇಸು ಬಿಟ್ಟು, ಹದವಾದ ಶಾಖ ಕೊಟ್ಟು, ಮರಳಿನ ಚೀಲ ಹೇರಿ ಕೂರಿಸಿದೆ. ಬಣ್ಣ ಉದುರಿಹೋದ ಕಡೆ ಮಾತ್ರ ಜಲವರ್ಣ ತುಂಬಿದೆ. ನಾಳೆ ನನಗಿಂತ ಬಲ್ಲವರು ಬಂದರೆ ಒದ್ದೆ ಹತ್ತಿಯಲ್ಲಿ ತೆಗೆಯಬಹುದು. ಕೊಕ್ಕರೆಯ ಒಂದು ಕಾಲು ಇರಲಿಲ್ಲ, ಇಲ್ಲದ ಕಾಲನ್ನು ನಾನು ಬರೆಯಲಿಲ್ಲ. ಮನೆಯಾಕೆಗೆ ಇದು ಅಷ್ಟು ಹಿಡಿಸಲಿಲ್ಲ. ನಾನು ಪಟ್ಟು ಸಡಿಲಿಸಲಿಲ್ಲ.

ಪೆಟ್ಟಿಗೆ ಕಿಟಕಿಯ ಬಿಸಿಲಿಗೂ ಏಸಿಯ ಗಾಳಿಗೂ ಸಿಗದ ಗೋಡೆಗೆ ಹೋಗಬೇಕೆಂದು ಹೇಳಿ ಬಂದೆ. ನಮ್ಮೂರಿನಲ್ಲಿ ಮಾರ್ಚಿನ ಒಣ ಗಾಳಿಗೆ ಪೈನ್ ಕುಗ್ಗುತ್ತದೆ, ಜುಲೈಯ ತೇವಕ್ಕೆ ಉಬ್ಬುತ್ತದೆ. ಅರಗಿನ ಪದರ ಅದರ ಜೊತೆ ಹಿಗ್ಗಲಾರದೆ ಬಿರಿಯುತ್ತದೆ. ಒರೆಸಲು ಒಣ, ಮೃದುವಾದ ಬ್ರಶ್ ಸಾಕು. ಒದ್ದೆ ಬಟ್ಟೆ, ತೆಂಗಿನೆಣ್ಣೆ, ಸ್ಪ್ರೇ ಪಾಲಿಶ್ ಯಾವುದೂ ಬೇಡ.

ಇಂಥದ್ದು ಮನೆಯಲ್ಲಿದ್ದು ನನಗೆ ಫೋಟೊ ಕಳಿಸುವವರು ಮುಂಭಾಗವೊಂದನ್ನೇ ಕಳಿಸಬೇಡಿ. ಡ್ರಾಯರ್ ಎಳೆದು ಅದರ ಪಕ್ಕ, ತಳ, ಪೆಟ್ಟಿಗೆಯ ಬೆನ್ನು, ಸಾಧ್ಯವಾದರೆ ಹಿಡಿಯ ತಗಡಿನ ಅಂಚು ಇವನ್ನು ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ. ಅಲ್ಲಿಯವರೆಗೆ ಮೇಸ್ತ್ರಿಗೆ ಮುಂಗಡ ಕೊಡಬೇಡಿ.