ಒಂದು ಕೇಬಲ್ ಕಿತ್ತಾಗ ಏರಿದ ಶ್ರುತಿ

ಹದಿನೈದು ದಿನ ನನ್ನ ಮಾಡ್ಯುಲರ್ ಸಿಂಥ್‌ನ ಎರಡು ಆಸಿಲೇಟರ್‌ಗಳು ಶ್ರುತಿ ಸೇರಲೇ ಇಲ್ಲ. ಮಾಡ್ಯುಲರ್ ಸಿಂಥ್ ಅಂದರೆ ಬಿಡಿ ಘಟಕಗಳನ್ನು ಕೇಬಲ್‌ನಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ, ಆಸಿಲೇಟರ್ ಅದರಲ್ಲಿ ದನಿ ಹುಟ್ಟಿಸುವ ಘಟಕ. ನನ್ನ ಎರಡರಲ್ಲಿ ಒಂದು ಹಳೆಯದು, ಇನ್ನೊಂದು ಹೊಸದು. ಕೀಬೋರ್ಡಿನಲ್ಲಿ ತೀರಾ ಕೆಳಗಿನ ಸಿ ಒತ್ತಿದರೆ ಎರಡೂ ಒಂದೇ ದನಿಯ ಹಾಗೆ ನಿಲ್ಲುತ್ತಿದ್ದವು. ಒಂದು ಸ್ಥಾಯಿ ಮೇಲೆ ಹೋದರೆ ಸಣ್ಣ ಅಲೆ, ಅಂದರೆ ಎರಡು ಶ್ರುತಿ ಒಂಚೂರು ಬೇರೆಯಾದಾಗ ದನಿಯಲ್ಲಿ ಕೇಳುವ ಏರಿಳಿತ. ಮೂರು ಸ್ಥಾಯಿ ಮೇಲೆ ಹೋದರೆ ಸೆಕೆಂಡಿಗೆ ಸುಮಾರು ಹತ್ತು ಸಲ ನಡುಗು.

"ಕೆಳಗಿನ ಸಾ ಸರಿಯಾಗಿದೆ ಕಣೋ, ಮೇಲೆ ಹೋದ ಹಾಗೆ ಬಿಡ್ತಾ ಇದೆ" ಅಂತ ಪಕ್ಕದ ಕೋಣೆಯಿಂದ ಅಮ್ಮ ಕೂಗಿದರು. ಅಮ್ಮ ತಂಬೂರಿ ನುಡಿಸುತ್ತಾರೆ. ಕುದುರೆಯ ಆಚೆಗಿನ ಮಣಿಯನ್ನು ಒಂಚೂರು ಸರಿಸಿ, ಅಲೆ ನಿಧಾನವಾಗುತ್ತಾ ನಿಂತುಹೋಗುವುದನ್ನು ಕಾಯುವುದು ನಾನು ಅವರ ಪಕ್ಕ ಕೂತೇ ಕಲಿತದ್ದು. ಆಸಿಲೇಟರ್ ಸೇರಿಸುವಾಗಲೂ ನನಗೆ ಕಿವಿಯೇ ಮೊದಲು, ಟ್ಯೂನರ್ ಆಮೇಲೆ.

ಕೀಬೋರ್ಡಿನಿಂದ ಬರುವುದು ಮಿಡಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳ ನಡುವೆ ಓಡಾಡುವ ಡಿಜಿಟಲ್ ಸಂದೇಶ. ಅದರಲ್ಲಿ ಸ್ವರ ಅಂದರೆ ಬರೀ ಒಂದು ಸಂಖ್ಯೆ. 60 ಅಂದರೆ ಮಧ್ಯದ ಸಿ. ಆಸಿಲೇಟರ್‌ಗೆ ಸಂಖ್ಯೆ ಬೇಡ, ವೋಲ್ಟೇಜ್ ಬೇಕು. ಅದಕ್ಕೇ ನಡುವೆ ಒಂದು ಕನ್ವರ್ಟರ್ ಇರುತ್ತದೆ. 1960ರ ದಶಕದಲ್ಲಿ ಸಿಂಥ್ ತಯಾರಕ ಬಾಬ್ ಮೋಗ್ ಬಳಸಿದ ಲೆಕ್ಕವೇ ಇಲ್ಲಿ ಇವತ್ತಿಗೂ ನಡೆಯುತ್ತಿದೆ: ಒಂದು ಸ್ಥಾಯಿಗೆ ಒಂದು ವೋಲ್ಟ್. ಹನ್ನೆರಡು ಭಾಗ ಮಾಡಿದರೆ ಪಕ್ಕಪಕ್ಕದ ಎರಡು ಕೀಗಳ ನಡುವೆ 83.3 ಮಿಲಿವೋಲ್ಟ್. ಅದನ್ನು ಮತ್ತೆ ನೂರು ಭಾಗ ಮಾಡಿದರೆ ಒಂದು ಸೆಂಟ್. 20 ಮಿಲಿವೋಲ್ಟ್ ಎಲ್ಲೋ ಸೋರಿದರೆ ಸಾಕು, 24 ಸೆಂಟ್ ಹೋಯಿತು. ಅಷ್ಟು ಯಾರ ಕಿವಿಗಾದರೂ ಕೇಳುತ್ತದೆ.

ಮೊದಲು ಸೆಕೆಯ ಮೇಲೆ ಅನುಮಾನ ಬಂತು. ಮೈಸೂರಿನ ಏಪ್ರಿಲ್, ಫ್ಯಾನ್ ನೇರವಾಗಿ ರ‍್ಯಾಕಿನ ಮೇಲೆ ಬೀಸುತ್ತಿತ್ತು. ಅನುಮಾನಕ್ಕೆ ಕಾರಣವೂ ಇತ್ತು. ಆಸಿಲೇಟರ್ ಒಳಗೆ ವೋಲ್ಟೇಜನ್ನು ಶ್ರುತಿಯಾಗಿ ಬದಲಿಸುವ ಟ್ರಾನ್ಸಿಸ್ಟರ್ ಜೋಡಿಗೆ ಬಿಸಿ ತಾಗುತ್ತದೆ. ಸರಿದೂಗಿಸುವ ರೆಸಿಸ್ಟರ್ ಇಲ್ಲದಿದ್ದರೆ ಒಂದು ಡಿಗ್ರಿಗೆ ಶೇಕಡಾ 0.33ರಷ್ಟು ವ್ಯತ್ಯಾಸ. ಫ್ಯಾನ್ ಆರಿಸಿ, ಅರ್ಧ ಗಂಟೆ ಬಿಟ್ಟು ನೋಡಿದೆ. ಬೆವರಿದ್ದೇ ಬಂತು, ಅಲೆ ಹಾಗೇ ಇತ್ತು.

ಸರಿ, ಹೊಸ ಆಸಿಲೇಟರ್‌ನ ಸ್ಕೇಲ್ ಟ್ರಿಮ್ಮರ್, ಅಂದರೆ ಒಂದು ವೋಲ್ಟಿಗೆ ಶ್ರುತಿ ಎಷ್ಟು ಏರಬೇಕು ಅಂತ ಹೊಂದಿಸುವ ಪುಟ್ಟ ತಿರುಪು, ತಿರುಗಿಸಿದೆ. ಎರಡು ಸಂಜೆ ಕೂತು ಅದನ್ನು ಹಳೆಯದಕ್ಕೆ ಸೇರಿಸಿದೆ. ಮೂರು ಸ್ಥಾಯಿಯಲ್ಲೂ ಅಲೆ ನಿಂತಿತು. ಆದರೆ ಅದೇ ಕೀಬೋರ್ಡಿನಿಂದ ಕಂಪ್ಯೂಟರಿನ ಪಿಯಾನೋ ಕೂಡ ನುಡಿಸಿದರೆ, ಈಗ ಎರಡೂ ಸೇರಿಕೊಂಡು ಪಿಯಾನೋಗಿಂತ ಕೆಳಗಿದ್ದವು! ಹಳೆಯ ಆಸಿಲೇಟರ್ ಒಂದೇ ಇದ್ದಾಗ ಪಿಯಾನೋ ಜೊತೆ ಚೆನ್ನಾಗಿ ಕೂರುತ್ತಿತ್ತಲ್ಲ, ಈಗ ಏನಾಯಿತು?

ಬೇಜಾರಾಗಿ ಮೇಲಿನ ಸಿ ಹಿಡಿದುಕೊಂಡೇ ಹೊಸದರ ಕೇಬಲ್ ಕಿತ್ತೆ. ಹಳೆಯ ಆಸಿಲೇಟರ್‌ನ ದನಿ ತಟ್ಟನೆ ಮೇಲೆ ಹೋಯಿತು. ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಮತ್ತೆ ಚುಚ್ಚಿದೆ, ಇಳಿಯಿತು. ಕಿತ್ತೆ, ಏರಿತು. "ಈಗ ಯಾಕೋ ಏರ್ತು?" ಅಂತ ಅಮ್ಮನೂ ಬಂದು ಬಾಗಿಲಲ್ಲಿ ನಿಂತರು.

ಮಲ್ಟಿಮೀಟರ್ ತಂದೆ. ಮೂರನೇ ಸ್ಥಾಯಿಯ ಸಿ ಒತ್ತಿದಾಗ ಕನ್ವರ್ಟರಿನ ಬಾಯಲ್ಲಿ ಏನೂ ಚುಚ್ಚದೆ 3.000 ವೋಲ್ಟ್. ಒಂದು ಆಸಿಲೇಟರ್ ಚುಚ್ಚಿದರೆ 2.970. ಎರಡೂ ಚುಚ್ಚಿದರೆ 2.941. ಆ ಮೂರು ಅಂಕಿಗಳನ್ನು ಹಾಳೆಯ ಮೇಲೆ ಬರೆದಾಗ ಇಷ್ಟು ದಿನದ ಗಂಟು ಬಿಚ್ಚಿಕೊಂಡಿತು.

ನಾನು ಒಂದು ವೋಲ್ಟೇಜನ್ನು ಎರಡು ಕಡೆ ಹಂಚಲು ಪ್ಯಾಸಿವ್ ಮಲ್ಟಿಪಲ್ ಬಳಸಿದ್ದೆ. ಅದರೊಳಗೆ ಏನೂ ಇರುವುದಿಲ್ಲ, ಜ್ಯಾಕ್‌ಗಳನ್ನು ತಂತಿಯಿಂದ ಸೇರಿಸಿರುತ್ತಾರೆ ಅಷ್ಟೇ. ನನ್ನ ಕನ್ವರ್ಟರಿನ ಔಟ್‌ಪುಟ್‌ನಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇದೆ. ಪ್ರತಿ ಆಸಿಲೇಟರ್‌ನ ಇನ್‌ಪುಟ್ 100 ಕಿಲೋ ಓಮ್. ಒಂದು ಚುಚ್ಚಿದರೆ ಸುಮಾರು ನೂರರಲ್ಲಿ ಒಂದು ಪಾಲು ಆ ರೆಸಿಸ್ಟರಲ್ಲೇ ಉಳಿಯುತ್ತದೆ, ಎರಡು ಚುಚ್ಚಿದರೆ ಎರಡು ಪಾಲು. ವೋಲ್ಟೇಜ್ ಜಾಸ್ತಿಯಾದಷ್ಟೂ ನಷ್ಟವೂ ಜಾಸ್ತಿ. ಕೆಳಗೆ ಸರಿ, ಮೇಲೆ ತಪ್ಪು ಅನ್ನುವುದು ಇದಕ್ಕೇ. ಹಳೆಯದನ್ನು ನಾನು ಒಂಟಿಯಾಗಿ ಚುಚ್ಚಿ ಟ್ರಿಮ್ ಮಾಡಿದ್ದೆ, ಹಾಗಾಗಿ ಒಂದು ಪಾಲಿನ ನಷ್ಟ ಅದರ ಲೆಕ್ಕದಲ್ಲಿ ಸೇರಿಹೋಗಿತ್ತು. ಹೊಸದು ಸರಿಯಾದ ಒಂದು ವೋಲ್ಟಿಗೇ ಟ್ರಿಮ್ ಆಗಿ ಬಂದಿತ್ತು. ಅದರಲ್ಲಿ ದೋಷವೇ ಇರಲಿಲ್ಲ. ಸುಮ್ನೆ ಅದನ್ನು ಕೆಡಿಸಿದೆ ಅಂತ ನಿಜಕ್ಕೂ ಬೇಸರವಾಯಿತು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಂದೊಮ್ಮೆ ತಂದಿದ್ದ ಟಿಎಲ್072 ಚಿಪ್ ಡಬ್ಬಿಯಲ್ಲಿತ್ತು. ಆಪ್ ಆಂಪ್ ಅಂದರೆ ಬಂದ ವೋಲ್ಟೇಜನ್ನು ಸೋರದ ಹಾಗೆ ಆಚೆ ದಾಟಿಸಬಲ್ಲ ಪುಟ್ಟ ಆಂಪ್ಲಿಫೈಯರ್. ಒಂದೇ ಚಿಪ್ಪಿನಲ್ಲಿ ಅಂಥವು ಎರಡು, ನನಗೆ ಬೇಕಾದದ್ದೂ ಎರಡೇ. ಎರಡಕ್ಕೂ ಕನ್ವರ್ಟರಿನ ವೋಲ್ಟೇಜ್ ಕೊಟ್ಟು, ಒಂದೊಂದರಿಂದ ಒಂದೊಂದು ಆಸಿಲೇಟರ್‌ಗೆ ತೆಗೆದೆ. ನೀವೂ ಮಾಡುವುದಾದರೆ ಒಂದು ವಿಷಯ ಮರೆಯಬೇಡಿ. ಔಟ್‌ಪುಟ್ ರೆಸಿಸ್ಟರನ್ನು ಫೀಡ್‌ಬ್ಯಾಕ್ ಸುತ್ತಿನ (ಔಟ್‌ಪುಟ್ ಮತ್ತೆ ಆಪ್ ಆಂಪಿಗೇ ಮರಳುವ ದಾರಿಯ) ಒಳಗೆ ಹಾಕಿ. ಅಂದರೆ ಫೀಡ್‌ಬ್ಯಾಕ್ ತಂತಿ ರೆಸಿಸ್ಟರಿನ ಆಚೆ ತುದಿಯಿಂದ, ಜ್ಯಾಕ್ ಕಡೆಯಿಂದ ಬರಬೇಕು. ಹೊರಗೆ ಹಾಕಿದರೆ ಅದೇ ಒಂದು ಪಾಲು ಮತ್ತೆ ಸೋರುತ್ತದೆ.

ಆಮೇಲೆ ಎರಡನ್ನೂ ಮೊದಲಿಂದ ಟ್ರಿಮ್ ಮಾಡಿದೆ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಕೆಳಗಿನ ಸಿ ಗುಬುಟಿನಿಂದ ಸೇರಿಸುವುದು. ಮೇಲಿನ ಸಿ ಕೇಳುವುದು, ಟ್ರಿಮ್ಮರ್ ಒಂದು ಎಳೆ ತಿರುಗಿಸುವುದು. ಟ್ರಿಮ್ಮರ್ ಮುಟ್ಟಿದರೆ ಕೆಳಗಿನದೂ ಜರುಗುತ್ತದೆ, ಮತ್ತೆ ಕೆಳಗೆ ಬರಬೇಕು. ಎಂಟೊಂಬತ್ತು ಸುತ್ತು ಆಯಿತು. ಕೊನೆಯ ಸುತ್ತಿನಲ್ಲಿ ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಮೇಲಿನ ಸಿಯಲ್ಲಿ ಅಲೆ ಉದ್ದವಾಗುತ್ತಾ, ಉದ್ದವಾಗುತ್ತಾ, ಒಂದು ಉಸಿರಿನಷ್ಟು ಉದ್ದವಾಯಿತು. "ಸಾಕು, ಇನ್ನು ಮುಟ್ಟಬೇಡ" ಅಂದರು.

ಐದನೇ ಸ್ಥಾಯಿಯಲ್ಲಿ ಹಳೆಯದು ಇನ್ನೂ ಸ್ವಲ್ಪ ಇಳಿಯುತ್ತದೆ. ಅದರ ಕಾರಣ ಬೇರೆ. ದನಿಯ ಪ್ರತಿ ಕಂಪನಕ್ಕೂ ಆಸಿಲೇಟರ್ ಒಳಗಿನ ಕೆಪ್ಯಾಸಿಟರ್ (ವಿದ್ಯುತ್ ತುಂಬಿಟ್ಟುಕೊಳ್ಳುವ ಬಿಡಿಭಾಗ) ಖಾಲಿಯಾಗಲು ಒಂದಿಷ್ಟು ಹೊತ್ತು ಹಿಡಿಯುತ್ತದೆ, ಶ್ರುತಿ ಏರಿದಷ್ಟೂ ಆ ಹೊತ್ತು ಭಾರವಾಗುತ್ತದೆ. ಅದಕ್ಕೆ ಬೇರೆಯೇ ಟ್ರಿಮ್ಮರ್ ಇದೆ. ಭಾನುವಾರ ಕೂರುತ್ತೇನೆ.