ಅವ್ವನ ವಾರದ ದಿನದ ಊಟ: ಹನ್ನೊಂದು ಭಾನುವಾರದ ಲೆಕ್ಕ

ಹನ್ನೊಂದು ಭಾನುವಾರ ಕಳೆದವು. ಐದು ಅಡುಗೆಯಲ್ಲಿ ಎರಡು ಕೈಗೆ ಹತ್ತಿವೆ. ಎರಡು ಅರ್ಧಕ್ಕೆ ನಿಂತಿವೆ. ಒಂದನ್ನು ಇನ್ನೂ ಮುಟ್ಟೇ ಇಲ್ಲ.

ಅವ್ವ ಹೋಗಿ ಮೂರು ವರ್ಷ ಆಯಿತು. ಕಲಬುರಗಿಯ ನಮ್ಮ ಹಳೇ ಮನೆಯಲ್ಲಿ, ಶಹಾಬಾದ್ ಕಲ್ಲು ಹಾಸಿದ ಆ ಕತ್ತಲೆ ಅಡುಗೆಮನೆಯಲ್ಲಿ ಅವಳು ದಿನಾ ಮಾಡುತ್ತಿದ್ದ ಊಟವನ್ನು ನಾನೇ ಮಾಡಿ ನೋಡಬೇಕು ಅನ್ನಿಸಿತು. ಪಟ್ಟಿ ಚಿಕ್ಕದು. ಜೋಳದ ರೊಟ್ಟಿ, ಪುಂಡಿ ಪಲ್ಯ (ಗೋಂಗುರ ಸೊಪ್ಪಿನದು), ಬ್ಯಾಳಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮಜ್ಜಿಗೆ ನುಚ್ಚು. ಹಬ್ಬದ ಅಡುಗೆ ಬೇಕಂತಲೇ ಬಿಟ್ಟೆ. ಹೋಳಿಗೆ, ಎಳ್ಳಮಾಸಿಯ ಭಜ್ಜಿ ಇವನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಸುಮ್ನೆ ಒಂದು ಮಂಗಳವಾರ ರಾತ್ರಿ ಅವ್ವ ಏನು ಮಾಡಿದ್ದಳು ಅಂದರೆ ಯಾರಿಗೂ ನೆನಪಿಲ್ಲ.

ರೊಟ್ಟಿ (ಮೊದಲ ಐದು ವಾರ)

ನನ್ನ ಹೆಂಡತಿ ಯಾದಗಿರಿಯವಳು. ಮಾತಾಡುತ್ತಾ ಮಾತಾಡುತ್ತಾ ಹತ್ತು ರೊಟ್ಟಿ ಬಡಿದು ಮುಗಿಸುತ್ತಾಳೆ. ಮತ್ತೆ ನನಗೇನು ಕಷ್ಟ ಅಂತ ಕೇಳಬಹುದು. ಅವಳದು ಅವಳ ಅವ್ವನ ರೊಟ್ಟಿ. ತೆಳ್ಳಗೆ, ಅಗಲ. ನಮ್ಮ ಅವ್ವನದು ಸ್ವಲ್ಪ ದಪ್ಪ, ಚಿಕ್ಕದು. ಇದನ್ನು ಹೇಳಿದ್ದೇ ತಪ್ಪಾಯಿತು, "ಹಂಗಾದ್ರ ನೀವೇ ಮಾಡ್ಕೋರಿ" ಅಂದಳು. ಆದರೂ ಪ್ರತಿ ಭಾನುವಾರ ಬಾಗಿಲ ಹತ್ತಿರ ನಿಂತು ನೋಡುತ್ತಾಳೆ.

ಮೊದಲ ವಾರ ಪಾಕೀಟಿನ ಹಿಟ್ಟು ತಂದೆ. ಬಡಿಯಲು ಶುರು ಮಾಡಿದ ಕೂಡಲೇ ಅಂಚೆಲ್ಲ ಬಿರಿಯಿತು. ಎತ್ತಿದರೆ ಕೈಯಲ್ಲೇ ಎರಡು ತುಂಡು. ಬೀದರ್‌ನಲ್ಲಿರುವ ಅಕ್ಕನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. "ಹಿಟ್ಟಿಗಿ ಜಿಗಿ ಇಲ್ಲೋ ತಮ್ಮಾ. ಎಂದು ಬೀಸಿದ್ದೋ ಏನೋ. ಗಂಜಿಗಿ ಹೋಗಿ ಜ್ವಾಳ ತಗೊಂಡು ಬೀಸಿಸ್ಕೊಂಡು ಬಾ" ಅಂದಳು.

ಗಂಜ್ ಅಂದರೆ ನಮ್ಮೂರ ಕಾಳುಕಡಿ ಪೇಟೆ. ಅಲ್ಲಿಂದ ಐದು ಕೆಜಿ ಹಿಂಗಾರಿ ಬಿಳಿಜೋಳ ತಂದೆ. ಎರಡು ಕೆಜಿ ಮಾತ್ರ ಬೀಸಿಸಿದೆ, ಹಿಟ್ಟು ಹಳೆಯದಾದಷ್ಟೂ ಜಿಗಿ ಹೋಗುತ್ತದೆ. ಗಿರಣಿಯಲ್ಲಿ ನನ್ನ ಮುಂದೆ ಯಾರದೋ ಗೋಧಿ ಇತ್ತು. ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿಸಬಾರದು ಅನ್ನುವುದು ಅವ್ವನ ನಿಯಮ. ಇನ್ನೊಬ್ಬರು ಜೋಳ ಹಾಕಿಸುವ ತನಕ ಮುಕ್ಕಾಲು ಗಂಟೆ ಕಟ್ಟೆ ಮೇಲೆ ಕೂತೆ.

ಇಷ್ಟಾದರೂ ಎರಡನೇ ವಾರವೂ ಬಿರಿಯಿತು. ತಪ್ಪು ನೀರಿನದು. ಕೈ ಸುಡುತ್ತೆ ಅಂತ ನಾನು ಎಸರು ಆರಿಸಿ ಹಾಕುತ್ತಿದ್ದೆ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ, ಹಿಡಿದಿಡಲು ಬೇರೆ ಏನೂ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಗಂಜಿಯಂತಾಗುತ್ತದಲ್ಲ, ಅದೇ ಅಂಟು. ಈಗ ನನ್ನ ಅಳತೆ ಹೀಗಿದೆ: 250 ಗ್ರಾಂ ಹಿಟ್ಟು, ನಡುವೆ ಗುಂಡಿ ಮಾಡಿ 150 ಮಿಲಿ ಕುದಿಯುವ ಎಸರು, ಚಮಚದಿಂದ ತಿರುವಿ, ಆಮೇಲೆ ಸುಮಾರು 80 ಮಿಲಿ ತಣ್ಣೀರು ಚಿಮುಕಿಸುತ್ತಾ ನಾದುವುದು. ಐದು ರೊಟ್ಟಿ ಆಗುತ್ತವೆ.

ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆ ನೀರು ಇನ್ನೇನು ಆರುತ್ತದೆ ಅನ್ನುವಾಗ ತಿರುವಬೇಕು. ಪೂರ್ತಿ ಆರಿದರೆ ಮೇಲೆ ಗೆರೆ ಬಿದ್ದು ಸೀಳುತ್ತದೆ, ಉಬ್ಬುವುದಿಲ್ಲ. ಈ "ಇನ್ನೇನು" ಕಲಿಯಲು ನನಗೆ ಮೂರು ವಾರ ಬೇಕಾಯಿತು. ಐದನೇ ವಾರ ಒಂದು ರೊಟ್ಟಿ ಪೂರ್ತಿ ಉಬ್ಬಿತು. ಫೋಟೊ ತೆಗೆಯುವಷ್ಟರಲ್ಲಿ ಹೆಂಡತಿ ಅದನ್ನು ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ಏನೂ ಹೇಳಲಿಲ್ಲ. ಇನ್ನೊಂದು ತುಂಡು ತಗೊಂಡಳು.

ಶೇಂಗಾ ಹಿಂಡಿ (ಆರನೇ ವಾರ)

ಇದು ಬೇಗ ಆಯಿತು. ಮಿಕ್ಸರ್ ಒಂದೇ ಸಮನೆ ತಿರುಗಿಸಿದರೆ ಬಿಸಿಗೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಳಕಲ್ಲಿನಲ್ಲಿ ಕುಟ್ಟಿದ ಹಾಗೆ ತರಿ ತರಿ ಬರಬೇಕು ಅಂದರೆ ಒಂದೆರಡು ಸೆಕೆಂಡಿನಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಬೆಳ್ಳುಳ್ಳಿ ಸಿಪ್ಪೆ ಸಮೇತ. ಅಷ್ಟೇ.

ಪುಂಡಿ ಪಲ್ಯ (ಏಳರಿಂದ ಹತ್ತನೇ ವಾರ)

ಇದೇ ನನ್ನನ್ನು ಸತಾಯಿಸಿದ್ದು.

ಮೊದಲ ಸಲ ಕಬ್ಬಿಣದ ಬಾಣಲೆಯಲ್ಲಿ ಮಾಡಿದೆ. ಕಬ್ಬಿಣ ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲೋ ಕೇಳಿದ್ದೆ. ಪುಂಡಿ ಹುಳಿ ಸೊಪ್ಪು, ಕಬ್ಬಿಣಕ್ಕೆ ತಾಗಿ ಪಲ್ಯ ಕಪ್ಪಗಾಯಿತು. ನಾಲಿಗೆ ಮೇಲೆ ಹಳೇ ಕೀಲಿಕೈ ಚೀಪಿದ ರುಚಿ. ಅವ್ವ ಮಣ್ಣಿನ ಗಡಿಗೆಯಲ್ಲಿ ಮಾಡುತ್ತಿದ್ದಳು ಅನ್ನುವುದು ಆಮೇಲೆ ನೆನಪಾಯಿತು. ಮುಂದಿನ ವಾರ ಗಡಿಗೆ ಬಂತು.

ಎರಡನೇ ಸಲ ಬಣ್ಣ ಸರಿ ಇತ್ತು, ರುಚಿ ಇಲ್ಲ. ನಾನು ತೊಗರಿ ಬ್ಯಾಳಿ ಧಾರಾಳವಾಗಿ ಹಾಕಿದ್ದೆ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ, ಅಂಥಾ ಬ್ಯಾಳಿ ಮನೆಯಲ್ಲಿದ್ದಾಗ ಯಾಕೆ ಕಂಜೂಸಿ ಅಂತ. ಫೋನಿನಲ್ಲೇ ಅಕ್ಕ ನಕ್ಕಳು. "ಇದು ಪಲ್ಯ ಅಲ್ಲೋ, ಹುಳಿಬ್ಯಾಳಿ. ಅವ್ವ ಎಲ್ಲಿ ಅಷ್ಟು ಬ್ಯಾಳಿ ಹಾಕ್ತಿದ್ಳು? ಒಂದು ಹಿಡಿ ನುಚ್ಚು, ಅರ್ಧ ಹಿಡಿ ಬ್ಯಾಳಿ."

ಬ್ಯಾಳಿ ದುಬಾರಿ, ಜೋಳದ ನುಚ್ಚು ಅಗ್ಗ. ಪಲ್ಯ ಗಟ್ಟಿಯಾಗಿ ನಾಲ್ಕು ಜನಕ್ಕೆ ಸಾಲಲಿ ಅಂತ ಹಾಕುತ್ತಿದ್ದ ನುಚ್ಚು ಅದು. ನಾನು ಇಷ್ಟು ದಿನ ಹುಡುಕುತ್ತಿದ್ದ ರುಚಿ ಅದರದೇ. ಎಣ್ಣೆಯದೂ ಇದೇ ಕಥೆ. ನಾನು ಒಗ್ಗರಣೆಗೆ ಮೂರು ಚಮಚ ಹಾಕುತ್ತಿದ್ದೆ. ಅವ್ವ ಒಂದರಲ್ಲಿ ಮುಗಿಸಿ, ತಟ್ಟೆಗೆ ಬಡಿಸಿದ ಮೇಲೆ ಮೇಲಿಂದ ನಾಲ್ಕು ಹನಿ ಹಸಿ ಕುಸುಬಿ ಎಣ್ಣೆ ಬಿಡುತ್ತಿದ್ದಳು. ವಾಸನೆ ಪೂರ್ತಿ ಮೂಗಿಗೇ ಬರುತ್ತಿತ್ತು. ರಿಫೈನ್ಡ್ ಎಣ್ಣೆಯಲ್ಲಿ ಆ ವಾಸನೆ ಇಲ್ಲ. ಗಾಣದ್ದೇ ತಂದೆ.

ಮೂರನೇ ಸಲ ನುಚ್ಚು ಜಾಸ್ತಿಯಾಗಿ ಚಮಚ ನೆಟ್ಟಗೆ ನಿಂತಿತು. ಒಂದು ಹಿಡಿಯೇ ಹಾಕಿದ್ದೆ, ಆಣೆ! ಕೊನೆಗೆ ತಕ್ಕಡಿ ತೆಗೆದೆ. ನನ್ನ ಒಂದು ಹಿಡಿ ನುಚ್ಚು 56 ಗ್ರಾಂ. ಅಕ್ಕನಿಗೂ ತೂಗಲು ಹೇಳಿದೆ. ಬೈದುಕೊಂಡೇ ತೂಗಿದಳು: 34 ಗ್ರಾಂ. ಅವಳ ಕೈ ಥೇಟ್ ಅವ್ವನ ಕೈ. ಗಿಡ್ಡ ಬೆರಳು, ಚಿಕ್ಕ ಅಂಗೈ. ಅವ್ವನ ಬಳೆ ಅವಳಿಗೆ ಮಾತ್ರ ಸರಿ ಹೊಂದಿದ್ದು. ಆವತ್ತಿನಿಂದ ನನ್ನ ನೋಟ್‌ಬುಕ್‌ನಲ್ಲಿ "ಹಿಡಿ" ಅಂದರೆ ಅಕ್ಕನ ಹಿಡಿ.

ನಾಲ್ಕನೇ ಸಲ ಎರಡು ಕಟ್ಟು ಸೊಪ್ಪು. ಕೆಂಪು ದಂಟಿನದು ಹುಳಿ ಜಾಸ್ತಿ ಅಂತ ಹಸಿರು ದಂಟಿನದನ್ನೇ ಆರಿಸಿದೆ. ಬೇಯಿಸಿ ಮೊದಲ ನೀರು ಬಸಿದೆ. ನುಚ್ಚು, ಬ್ಯಾಳಿ, ಹಸಿಮೆಣಸಿನಕಾಯಿ ಹಾಕಿ ಮೆತ್ತಗೆ ಬೇಯಿಸಿ ಕಡೆಗೋಲಿನಿಂದ ಮಸೆದೆ. ಬೆಳ್ಳುಳ್ಳಿ ಒಗ್ಗರಣೆ. ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡು, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ತಿಂದೆ. ಎರಡನೇ ತುತ್ತಿಗೆ ಹಳೇ ಅಡುಗೆಮನೆಯ ಹೊಗೆ ಕಣ್ಣಿಗೆ ಬಂದ ಹಾಗಾಯಿತು. ಹಸಿಮೆಣಸಿನಕಾಯಿಯದೂ ಇರಬಹುದು.

ಬ್ಯಾಳಿ (ಅರ್ಧ)

ಕುಕ್ಕರಿನಲ್ಲಿ ಆಗುವುದಿಲ್ಲ ಅನ್ನುವುದಷ್ಟೇ ಇಲ್ಲಿಯವರೆಗೆ ಖಾತ್ರಿ. ಅವ್ವ ತೆರೆದ ಪಾತ್ರೆಯಲ್ಲಿ ಅರಿಶಿನ, ಒಂದು ಹನಿ ಎಣ್ಣೆ ಹಾಕಿ ಬೇಯಿಸಿ, ಮೇಲಿನ ಕಟ್ಟು ತೆಗೆದು ರಾತ್ರಿಯ ಸಾರಿಗೆ ಇಡುತ್ತಿದ್ದಳು. ಕುಕ್ಕರಿನಲ್ಲಿ ಬ್ಯಾಳಿ ಕಟ್ಟಿನೊಳಗೇ ಕರಗಿ ಹೋಗುತ್ತದೆ, ಬೇರೆ ಮಾಡಲು ಏನೂ ಉಳಿಯುವುದಿಲ್ಲ.

ಹನ್ನೊಂದನೇ ವಾರ

ಅಕ್ಕ ಬಂದಿದ್ದಳು. ಐದು ರೊಟ್ಟಿ, ಪುಂಡಿ ಪಲ್ಯ, ಹಿಂಡಿ. ಅವಳು ಉಣ್ಣುವುದನ್ನು ಪರೀಕ್ಷೆಗೆ ಕೂತವನ ಹಾಗೆ ನೋಡುತ್ತಿದ್ದೆ.

"ಎಲ್ಲಾ ಛಲೋ ಆಗ್ಯಾದ. ಉಪ್ಪು ಕಡಿಮಿ ಆಗ್ಯಾದ ನೋಡು."

ನಾನು ಒಪ್ಪಲಿಲ್ಲ. ಅವ್ವನ ಅಡುಗೆಯಲ್ಲಿ ಉಪ್ಪು ಯಾವಾಗಲೂ ಕಡಿಮೆಯೇ. ನಾವಿಬ್ಬರೂ ಕೈ ಒಣಗುವ ತನಕ ಜಗಳ ಆಡಿದೆವು. ಆಮೇಲೆ ಹೆಂಡತಿ ಕೇಳಿದಳು, "ಅಕ್ಕಾರ, ನಿಮ್ಮ ಲಗ್ನ ಯಾವಾಗ ಆಯ್ತು?"

1996. ಅಪ್ಪನಿಗೆ ಬಿಪಿ ಅಂತ ಗೊತ್ತಾಗಿದ್ದು ಅದರ ಮುಂದಿನ ವರ್ಷ. ಡಾಕ್ಟರ್ ಉಪ್ಪು ಕಡಿಮೆ ಮಾಡಿ ಅಂದರು. ಅವ್ವ ಅಪ್ಪನಿಗೆ ಅಂತ ಬೇರೆ ಗಡಿಗೆ ಇಡಲಿಲ್ಲ, ಎಲ್ಲರಿಗೂ ಕಡಿಮೆ ಮಾಡಿದಳು. ನಾನಾಗ ಆರನೇ ಕ್ಲಾಸು. ನನಗೆ ನೆನಪಿರುವುದು ಆಮೇಲಿನ ಪಲ್ಯ, ಅಕ್ಕನಿಗೆ ಅದಕ್ಕೂ ಮುಂಚಿನದು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಉಪ್ಪಿನ ಡಬ್ಬಿ ಕಡೆ ಕೈ ಚಾಚಿದಳು. ನೋಟ್‌ಬುಕ್‌ನಲ್ಲಿ ಈಗ ಪುಂಡಿ ಪಲ್ಯಕ್ಕೆ ಎರಡು ಸಾಲು: ಉಪ್ಪು ಮುಕ್ಕಾಲು ಚಮಚ, ನನಗೆ. ಒಂದೂಕಾಲು, ಅಕ್ಕನಿಗೆ.

ಮುಂದಿನ ವಾರ ಮಜ್ಜಿಗೆ ನುಚ್ಚು. ಶನಿವಾರ ರಾತ್ರಿಯೇ ಹಾಲಿಗೆ ಹೆಪ್ಪು ಹಾಕಬೇಕು.